ಬಿದ್ದ ಮೇಲೂ ಬದುಕಿರುವವರ ಸುದ್ದಿ ಬರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಫೇಸ್‌ಬುಕ್ ಪುಟದಲ್ಲಿ ಒಂದು ವಿಡಿಯೊ ಹಾಕಿದ್ದಿರಿ. ಮಳೆಗಾಲದ ಜಲಪಾತವೊಂದರ ನೆತ್ತಿಯಲ್ಲಿ, ಪಾಚಿ ಕಟ್ಟಿದ ಬಂಡೆಯ ಅಂಚಿನಲ್ಲಿ ಯುವಕನೊಬ್ಬ ಅಂಗೈ ಊರಿ ಕಾಲು ಮೇಲೆತ್ತಿ ನಿಂತಿದ್ದ. ‘ಎದೆ ಝಲ್ಲೆನಿಸುವ ಸಾಹಸ’ ಎಂದು ದೊಡ್ಡ ಅಕ್ಷರದ ತಲೆಬರಹ, ‘ಯಾರೂ ಅನುಕರಿಸಬಾರದು’ ಎಂದು ಸಣ್ಣ ಅಕ್ಷರದ ಉಪದೇಶ. ಕೆಳಗೆ ನಮ್ಮ ಜಿಲ್ಲೆಯವರೇ ಅನೇಕರು ‘ಕೊಡಗಿನ ವೀರ’ ಎಂದು ಕೊಂಡಾಡಿದ್ದರು. ಮರುದಿನದ ಮುದ್ರಿತ ಪತ್ರಿಕೆಯ ಒಳಪುಟದಲ್ಲಿ, ಜಲಪಾತಗಳ ಬಳಿ ಯುವಕರ ಹುಚ್ಚಾಟಕ್ಕೆ ಕಡಿವಾಣ ಬೀಳಬೇಕೆಂದು ತಾವೇ ಬರೆದ ಟಿಪ್ಪಣಿಯೂ ಇತ್ತು. ಎರಡನ್ನೂ ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಪತ್ರ ಉದ್ದವಾಗಿದೆ, ಬೇಕಾದರೆ ಕತ್ತರಿಸಿ. ಬೆನ್ನುಹುರಿಯ ಭಾಗವನ್ನು ಮಾತ್ರ ಬಿಡಬೇಡಿ.

ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು. ಈಗ ಸೋಮವಾರಪೇಟೆಯ ಸುತ್ತಮುತ್ತ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಹುಣ್ಣು ತೊಳೆದು ಕಟ್ಟುತ್ತೇನೆ, ಮೂತ್ರದ ನಳಿಕೆ ಬದಲಿಸುತ್ತೇನೆ, ಮನೆಯವರಿಗೆ ಆರೈಕೆ ಹೇಳಿಕೊಡುತ್ತೇನೆ. ಹೆಚ್ಚಿನವರು ಲಕ್ವ ಹೊಡೆದ ವೃದ್ಧರು, ಕ್ಯಾನ್ಸರ್ ರೋಗಿಗಳು. ಬೆನ್ನು ಮುರಿದವರು ನಮ್ಮ ಕಡೆ ಹಿಂದೆಯೂ ಇದ್ದರು. ಕರಿಮೆಣಸು ಕೊಯ್ಯುವಾಗ ಏಣಿ ಜಾರಿದವರು, ತೋಟದ ನೆರಳಿನ ಮರ ಕಪಾತು ಮಾಡುವಾಗ ಕೊಂಬೆಯ ಸಮೇತ ಬಿದ್ದವರು. ಅವರೆಲ್ಲ ಹೊಟ್ಟೆಪಾಡಿಗಾಗಿ ಹತ್ತಿ ಬಿದ್ದವರು. ಈಚೆಗೆ ಅದೇ ಬಗೆಯ ಹಾಸಿಗೆಗಳಲ್ಲಿ ಮೀಸೆ ಸರಿಯಾಗಿ ಮೂಡದ ಹುಡುಗರನ್ನು ನೋಡುತ್ತಿದ್ದೇನೆ. ಅವರು ಬಿದ್ದದ್ದು ಗೆಳೆಯನ ಮೊಬೈಲಿನ ಎದುರು.

ಇಂಥ ಸುದ್ದಿ ಪತ್ರಿಕೆಗಳಲ್ಲಿ ಎರಡು ಬಗೆಯಲ್ಲಿ ಮುಗಿಯುತ್ತದೆ. ಸತ್ತರೆ ಹೆಸರು, ವಯಸ್ಸು, ಯಾವ ಠಾಣೆಯಲ್ಲಿ ಪ್ರಕರಣ ದಾಖಲಾಯಿತು ಎಂಬುದು. ಬದುಕಿದರೆ ‘ಹೆಚ್ಚಿನ ಚಿಕಿತ್ಸೆಗೆ ಮೈಸೂರಿಗೆ ಕರೆದೊಯ್ಯಲಾಗಿದೆ’ ಎಂಬ ಸಾಲು. ಆ ಆಂಬುಲೆನ್ಸ್ ಮೈಸೂರಿನಿಂದ ವಾಪಸ್ಸು ಬರುತ್ತದೆ ಎಂಬುದು ಯಾರ ಗಮನಕ್ಕೂ ಬಂದಂತಿಲ್ಲ. ನನ್ನ ಕೆಲಸ ಶುರುವಾಗುವುದೇ ಅದು ವಾಪಸ್ಸು ಬಂದ ಮೇಲೆ.

ಒಬ್ಬ ಹುಡುಗನ ವಿಚಾರ ಹೇಳುತ್ತೇನೆ. ಹೆಸರು, ಊರು ಬೇಡ ಎಂದು ಅವನ ತಾಯಿ ಕೇಳಿಕೊಂಡಿದ್ದಾರೆ. ಉಳಿದದ್ದನ್ನು ಬರೆಯಲು ಅವನೂ ಒಪ್ಪಿದ್ದಾನೆ. ತಂದೆ ತೋಟವೊಂದರಲ್ಲಿ ಪಿಕ್‌ಅಪ್ ಓಡಿಸುತ್ತಾರೆ. ಊರಿನ ಆಚೆ ಒಂದು ಹೊಳೆ, ಹೊಳೆಗೆ ಬಾಗಿದಂತೆ ಒಂದು ಬಂಡೆ. ಮಳೆ ಹಿಂತೆಗೆದ ಅಕ್ಟೋಬರಿನಲ್ಲಿ ಅದೇ ಬಂಡೆಯಿಂದ ತಲೆ ಮುಂದಾಗಿ ಧುಮುಕಿದ್ದ; ಆ ವಿಡಿಯೊಗೆ ಅವನ ಹಿಂದಿನ ಯಾವುದಕ್ಕೂ ಬಾರದಷ್ಟು ಮೆಚ್ಚುಗೆ ಬಂತು. ಏಪ್ರಿಲ್‌ನಲ್ಲಿ ಮತ್ತೆ ಹೋದರು. ಬಂಡೆ ಅದೇ, ಗುಂಡಿಯೂ ಅದೇ. ನೀರು ಮಾತ್ರ ಎದೆಮಟ್ಟಕ್ಕೆ ಇಳಿದಿತ್ತು. ಕೊಡಗಿನ ಹೊಳೆಗಳು ಮಳೆಗಾಲದಲ್ಲಿ ಕೊಚ್ಚಿಕೊಂಡು ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಅವೇ ಹೊಳೆಗಳು ಕತ್ತು ಮುರಿಯುತ್ತವೆ ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ತಲೆ ಮುಂದಾಗಿ ಹಾರುವವನಿಗೆ ಕೆಳಗೆ ಎರಡಾಳು ನೀರಾದರೂ ಇರಬೇಕು.

ಕತ್ತಿನ ಐದನೆಯ ಮೂಳೆ ಪುಡಿಯಾಯಿತು. ಅವನು ಬೋರಲಾಗಿ ತೇಲಿದ. ಅಲ್ಲಿದ್ದವರು ಆಟವಾಡುತ್ತಿದ್ದಾನೆ ಎಂದುಕೊಂಡರು. ಆ ವಿಡಿಯೊದ ಕೊನೆಯಲ್ಲಿ ಕೇಳುವುದು ನಗು. ಆಮೇಲೆ ಗಾಬರಿಯಾಗಿ ಇಬ್ಬರು ಕೈ, ಇಬ್ಬರು ಕಾಲು ಹಿಡಿದು ಎಳೆದು, ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿಕೊಂಡು ಹೊರಟರು. ಮಕ್ಕಳು ಪ್ರೀತಿಯಿಂದಲೇ ಮಾಡಿದರು, ಅವರನ್ನು ಬೈಯಲಾರೆ. ಆದರೆ ಪತ್ರದ ವಿಷಯಕ್ಕೆ ಹೊರತಾದರೂ ಇಲ್ಲಿ ಒಂದು ಮಾತು: ಧುಮುಕಿದವನು ಅಲುಗಾಡದಿದ್ದರೆ ತಲೆ, ಕತ್ತು, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಮುಖ ಮೇಲಾಗುವಂತೆ ತಿರುಗಿಸಬೇಕು. ಉಸಿರಾಡುತ್ತಿದ್ದರೆ, ನೀರಿನ ಸೆಳೆತ ಇಲ್ಲದಿದ್ದರೆ, ಅವಸರದಲ್ಲಿ ದಡಕ್ಕೆ ಎಳೆಯದೆ ನೀರಿನಲ್ಲೇ ತೇಲಿಸಿ ಹಿಡಿದು 108ಕ್ಕೆ ಕರೆ ಮಾಡಬೇಕು. ಮೇಲಕ್ಕೆ ತರಲೇಬೇಕಾದರೆ ಒಂದು ಹಲಗೆಯ ಮೇಲೆ ತರಬೇಕು. ಕುರ್ಚಿಯಲ್ಲಿ ಕೂರಿಸುವಂತೆ ಮಡಚಲೇಬಾರದು. ಅರ್ಧ ಮುರಿದ ಕತ್ತು ಪೂರ್ತಿ ಹೋಗುವುದು ಹಲವು ಸಲ ದಡದ ಮೇಲೆಯೇ.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಅಲ್ಲಿ ತಟ್ಟೆ, ಸ್ಕ್ರೂ ಹಾಕಿ ಮೂಳೆ ನಿಲ್ಲಿಸಿದರು. ಮೂಳೆ ಕೂಡುತ್ತದೆ, ಅದರೊಳಗಿನ ಹುರಿ ಕೂಡುವುದಿಲ್ಲ. ಅವನು ಈಗ ಭುಜ ಎತ್ತಬಲ್ಲ, ಮೊಣಕೈ ಮಡಚಬಲ್ಲ, ಬೆರಳು ಮುಷ್ಟಿ ಕಟ್ಟುವುದಿಲ್ಲ. ಎದೆಯ ಕೆಳಗೆ ಏನೂ ತಿಳಿಯುವುದಿಲ್ಲ.

ಹಾಗೆಂದರೆ ಏನು ಎಂಬುದನ್ನು ಓದುಗರು ತಿಳಿಯಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ತಪ್ಪಿದರೆ ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಕಪ್ಪಾಗಿ, ಕೊಳೆತು ಮೂಳೆ ಕಾಣುವಷ್ಟು ಹುಣ್ಣಾಗುತ್ತದೆ. ನೋವು ತಿಳಿಯದವನು ಎಚ್ಚರಿಸಲಾರ. ತಂದೆ ತಾಯಿ ಸರದಿಯಲ್ಲಿ ಅಲಾರಂ ಇಟ್ಟುಕೊಂಡು ಏಳುತ್ತಾರೆ. ಮೂತ್ರ ತಾನಾಗಿ ಹೋಗುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ನಳಿಕೆ ಹಾಕಿ ತೆಗೆಯಬೇಕು. ಕೈ ಶುದ್ಧವಿಲ್ಲದಿದ್ದರೆ ಸೋಂಕು, ಚಳಿಜ್ವರ, ಮುಂದೆ ಮೂತ್ರಪಿಂಡಕ್ಕೇ ಕೇಡು. ಮಲವನ್ನು ದಿನ ಬಿಟ್ಟು ದಿನ ಕೈಗವಸು ತೊಟ್ಟು ಬೆರಳಿನಿಂದ ತೆಗೆಯಬೇಕು. ಇಪ್ಪತ್ತು ದಾಟಿದ ಮಗನಿಗೆ ತಾಯಿ ಇದನ್ನು ಮಾಡುತ್ತಾರೆ. ಆ ಹೊತ್ತಿನಲ್ಲಿ ಅವನು ಗೋಡೆಯ ಕಡೆ ಮುಖ ಮಾಡುತ್ತಾನೆ, ತಾಯಿ ಏನಾದರೊಂದು ಊರ ಸುದ್ದಿ ಹೇಳುತ್ತಿರುತ್ತಾರೆ. ಇದನ್ನು ಪತ್ರಿಕೆಯಲ್ಲಿ ಬರೆಯುವುದೇ ಎಂದು ಕೆಲವರಿಗೆ ಇರಿಸುಮುರುಸಾಗಬಹುದು. ಬಂಡೆಯಿಂದ ಹಾರುವುದನ್ನು ಲಕ್ಷಾಂತರ ಜನ ನೋಡಬಹುದಾದರೆ ಇದನ್ನು ಕೆಲವು ಸಾವಿರ ಜನ ಓದಲಿ.

ನಮ್ಮ ಮಳೆಗಾಲ ಇದೆಲ್ಲವನ್ನೂ ಇನ್ನಷ್ಟು ಕಷ್ಟ ಮಾಡುತ್ತದೆ. ಹುಣ್ಣಾಗದಂತೆ ದಾನಿಗಳು ಕೊಡಿಸಿದ ಏರ್ ಬೆಡ್ ಇದೆ. ಅದರ ಪಂಪಿಗೆ ಕರೆಂಟ್ ಬೇಕು. ಜುಲೈನಲ್ಲಿ ಎಲ್ಲೋ ಮರ ತಂತಿಯ ಮೇಲೆ ಬಿದ್ದರೆ ಒಳಗಿನ ಊರುಗಳಲ್ಲಿ ದಿನಗಟ್ಟಲೆ ಕತ್ತಲು. ಪಂಪು ನಿಂತರೆ ಹಾಸಿಗೆ ಮೆಲ್ಲನೆ ಚಪ್ಪಟೆಯಾಗುತ್ತದೆ, ಎರಡು ಗಂಟೆಯ ಸರದಿ ಒಂದು ಗಂಟೆಗೆ ಇಳಿಯುತ್ತದೆ. ಅಂಥ ಒಂದು ಚಳಿಯ ದಿನ ಬಂಧುವೊಬ್ಬರು ಕನಿಕರದಿಂದ ಅವನ ಪಾದದ ಬಳಿ ಬಿಸಿನೀರಿನ ಬಾಟಲಿ ಇಟ್ಟುಹೋದರು. ಅವನಿಗೆ ಗೊತ್ತೇ ಆಗಲಿಲ್ಲ. ಸಂಜೆ ತಾಯಿ ಹೊದಿಕೆ ಸರಿಸಿದಾಗ ಪಾದದ ಚರ್ಮ ಬೊಬ್ಬೆ ಎದ್ದಿತ್ತು. ಆ ಗಾಯ ಮಾಯಲು ಮುಂದಿನ ಕಾಫಿ ಕೊಯ್ಲು ಬರಬೇಕಾಯಿತು. ಗಾಲಿಕುರ್ಚಿಯೂ ಬಂದಿದೆ. ಆದರೆ ಮನೆ ರಸ್ತೆಯಿಂದ ಕೆಳಗೆ, ಮಣ್ಣು ಕಡಿದು ಮಾಡಿದ ಮೆಟ್ಟಿಲುಗಳ ಬುಡದಲ್ಲಿದೆ. ಅವನನ್ನು ಮೇಲೆ ತರಲು ನಾಲ್ಕು ಜನ ಗಂಡಸರು ಬೇಕು. ಮಳೆಯಲ್ಲಿ ಅವರೂ ಜಾರುತ್ತಾರೆ.

ಶಸ್ತ್ರಚಿಕಿತ್ಸೆಗೆ ಆಯುಷ್ಮಾನ್ ಕಾರ್ಡ್ ಒದಗಿತು. ಅದಾದ ನಂತರದ ನಳಿಕೆ, ಕೈಗವಸು, ಡೈಪರ್, ಹತ್ತಿ, ಮುಲಾಮು ಎಲ್ಲ ಕೈಯಿಂದ. ತಾಯಿ ತೋಟದ ಕೆಲಸ ಬಿಟ್ಟರು. ತಂಗಿ ದ್ವಿತೀಯ ಪಿಯುಸಿ ಮುಗಿಸಿ ಮನೆಯಲ್ಲೇ ಉಳಿದಳು. ಕೇಳಿದರೆ ಓದಲು ಇಷ್ಟವಿರಲಿಲ್ಲ ಎನ್ನುತ್ತಾಳೆ, ನಾನು ನಂಬಿದವಳಂತೆ ತಲೆಯಾಡಿಸುತ್ತೇನೆ. ವಿಡಿಯೊ ತೆಗೆದ ಗೆಳೆಯ ಬೆಂಗಳೂರಿನಲ್ಲಿದ್ದಾನೆ. ಮನೆಗೆ ಬರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಇವರ ತಂದೆಯ ಫೋನಿಗೆ ಹಣ ಹಾಕುತ್ತಾನೆ, ಒಂದಕ್ಷರವೂ ಬರೆಯದೆ. ಅವನೂ ಆ ದಿನ ಏನನ್ನೋ ಮುರಿದುಕೊಂಡಿದ್ದಾನೆ, ಅವನಿಗೆ ಯಾವ ಆಸ್ಪತ್ರೆಯ ಚೀಟಿಯೂ ಇಲ್ಲ.

ನಕ್ಕರು ಎಂದೆನಲ್ಲ, ಅದು ನಮ್ಮ ಹುಡುಗರಲ್ಲಿ ಮಾತ್ರ ಕಂಡದ್ದಲ್ಲ. ಪಶ್ಚಿಮ ಬಂಗಾಳದಲ್ಲಿ ಶೈಲೇಂದ್ರನಾಥ ರಾಯ್ ಎಂಬುವರಿದ್ದರು. ಪೊಲೀಸ್ ಇಲಾಖೆಯಲ್ಲಿ ಹೋಂಗಾರ್ಡ್ ಚಾಲಕ. ಜುಟ್ಟಿನಿಂದ ತಂತಿಗೆ ಜೋತುಬಿದ್ದು ಸಾಗುವುದರಲ್ಲಿ ಗಿನ್ನೆಸ್ ದಾಖಲೆ ಮಾಡಿದವರು. 2013ರ ಏಪ್ರಿಲ್ 28ರಂದು ಸಿಲಿಗುರಿಯ ಬಳಿ ತೀಸ್ತಾ ನದಿಯನ್ನು ಹಾಗೆಯೇ ದಾಟಲು ಹೊರಟರು. ನಡುವೆ ಕೂದಲು ತಂತಿಯ ಮೇಲೆ ಉರುಳುವ ಗಾಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಒದ್ದಾಡಿದರು, ಏನನ್ನೋ ಕೂಗಿದರು. ಸೇತುವೆಯ ಮೇಲೆ ನೆರೆದಿದ್ದ ಜನ ಅದನ್ನೂ ಸಾಹಸದ ಭಾಗವೆಂದುಕೊಂಡು ಚಪ್ಪಾಳೆ ಹೊಡೆಯುತ್ತಿದ್ದರು. ಅವರನ್ನು ಇಳಿಸುವ ಹೊತ್ತಿಗೆ ಹೃದಯ ನಿಂತಿತ್ತು. ಇದೆಲ್ಲ ಸಾಕು ಎಂದು ಮನೆಯಲ್ಲಿ ಹೆಂಡತಿ ಮೊದಲೇ ಬೇಡಿಕೊಂಡಿದ್ದರಂತೆ. ದಾಖಲೆಯ ಪುಸ್ತಕದಲ್ಲಿ ಅಡಿಗಳ ಲೆಕ್ಕ ಇರುತ್ತದೆ, ಹೆಂಡತಿಯ ಮಾತಿಗೆ ಜಾಗ ಇರುವುದಿಲ್ಲ.

ನಮ್ಮ ರಾಜ್ಯದಲ್ಲೇ 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ನಡೆದದ್ದನ್ನು ಯಾರೂ ಮರೆತಿರಲಾರರು. ಸಿನಿಮಾ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಈಜು ಸರಿಯಾಗಿ ಬರುವುದಿಲ್ಲ ಎಂಬುದನ್ನು ಅದಕ್ಕೂ ಮೊದಲು ಟಿವಿ ಕ್ಯಾಮೆರಾಗಳ ಎದುರೇ ಹೇಳಿಕೊಂಡಿದ್ದರು. ಕೇಳಿಸಿಕೊಂಡವರು ಇದ್ದರು, ತಡೆದವರು ಇರಲಿಲ್ಲ. ಅವರು ಕೈ ಬಡಿಯುತ್ತ ಮುಳುಗುವ ದೃಶ್ಯವನ್ನು ವಾಹಿನಿಗಳು ದಿನವಿಡೀ ತಿರುಗಿಸಿ ತಿರುಗಿಸಿ ತೋರಿಸಿದವು. ಆ ಮನೆಗಳಲ್ಲೂ ಟಿವಿ ಇತ್ತು.

2023ರ ಜುಲೈನಲ್ಲಿ ಕೊಲ್ಲೂರಿನ ಬಳಿಯ ಅರಶಿನಗುಂಡಿ ಜಲಪಾತದಲ್ಲಿ ಭದ್ರಾವತಿಯ ಯುವಕ ಬಂಡೆಯಿಂದ ಜಾರಿದ. ಗೆಳೆಯ ಹಿಂದಿನಿಂದ ವಿಡಿಯೊ ಮಾಡುತ್ತಿದ್ದ. ಶವಕ್ಕಾಗಿ ಸುಮಾರು ಒಂದು ವಾರ ಆ ಮಳೆಯಲ್ಲಿ ಹುಡುಕಿದರು. ಹುಡುಕುವವರಿಗಾಗಲಿ ಕಾದು ಕುಳಿತ ಮನೆಯವರಿಗಾಗಲಿ ಒಂದು ವಾರ ಎಂದರೆ ಎಷ್ಟು ಉದ್ದ ಎಂಬುದು ಆಗಸ್ಟ್ 2018ರ ಭೂಕುಸಿತ ಕಂಡ ನಮ್ಮ ಜಿಲ್ಲೆಗೆ ಗೊತ್ತು. ಆ ವಾರ ಪೂರ್ತಿ ಅವನು ಬೀಳುವ ವಿಡಿಯೊ ಊರೂರು ಸುತ್ತಿತು. ಬದುಕಿದ್ದಾಗ ಅವನನ್ನು ಅಷ್ಟು ಜನ ನೋಡಿರಲಿಲ್ಲ.

ಚೀನಾದಲ್ಲಿ ಗಗನಚುಂಬಿ ಕಟ್ಟಡಗಳ ತುದಿಯಲ್ಲಿ ಜೋತಾಡಿ ಹೆಸರು ಮಾಡಿದ್ದ ವು ಯೊಂಗ್ನಿಂಗ್ 2017ರ ನವೆಂಬರಿನಲ್ಲಿ ಚಾಂಗ್‌ಶಾ ನಗರದ 62 ಅಂತಸ್ತಿನ ಕಟ್ಟಡದಿಂದ ಬಿದ್ದು ಸತ್ತ. ಅವನ ತಾಯಿ ವಿಡಿಯೊ ಪ್ರಸಾರ ಮಾಡುತ್ತಿದ್ದ ಕಂಪನಿಯ ಮೇಲೆ ದಾವೆ ಹೂಡಿದರು. 2019ರಲ್ಲಿ ಬೀಜಿಂಗ್ ನ್ಯಾಯಾಲಯ ಕಂಪನಿಗೂ ಹೊಣೆಯಿದೆ ಎಂದು ಹೇಳಿ 30,000 ಯುವಾನ್ ಕೊಡಿಸಿತು. ಮೊತ್ತ ಚಿಕ್ಕದು. ಆದರೆ ತೋರಿಸಿದವನಿಗೂ ಪಾಲಿದೆ ಎಂದು ಒಂದು ನ್ಯಾಯಾಲಯ ಬರೆದಿಟ್ಟಿತು. ತಾವು ಆ ವಿಡಿಯೊವನ್ನು ಹಾಕಿದಾಗ ನನಗೆ ನೆನಪಾದದ್ದು ಈ ತೀರ್ಪು.

ಲೆಕ್ಕದ ವಿಚಾರ ಬಂದರೆ, ಸೆಲ್ಫಿ ತೆಗೆಯುವಾಗ ಸತ್ತವರ ಬಗ್ಗೆ ನಮ್ಮ ದೇಶದ ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2011ರ ಅಕ್ಟೋಬರಿನಿಂದ 2017ರ ನವೆಂಬರ್‌ವರೆಗೆ ಜಗತ್ತಿನಲ್ಲಿ 259 ಸಾವು, ಅತಿ ಹೆಚ್ಚು ಭಾರತದಲ್ಲಿ. ಮುಳುಗಿ ಸತ್ತವರೇ ಎಲ್ಲರಿಗಿಂತ ಹೆಚ್ಚು. ಈ ಲೆಕ್ಕವನ್ನು ಅವರು ಹೆಕ್ಕಿದ್ದು ಸುದ್ದಿ ವರದಿಗಳಿಂದ, ಎಂದರೆ ತಮ್ಮಂಥವರು ಬರೆದದ್ದರಿಂದ. ಸತ್ತವರನ್ನು ಪತ್ರಿಕೆ ಎಣಿಸುತ್ತದೆ, ಆದ್ದರಿಂದ ಸತ್ತವರ ಲೆಕ್ಕವಿದೆ. ನನ್ನ ಹುಡುಗ ಯಾವ ಲೆಕ್ಕದಲ್ಲೂ ಇಲ್ಲ.

ಅವನ ಪಕ್ಕದ ಊರಿನ ಹೆಂಗಸೊಬ್ಬರೂ ಇಲ್ಲ. ಕಾಫಿ ಕೊಯ್ಲಿನ ಕಾಲದಲ್ಲಿ, ಸಂಜೆ ಕೆಲಸ ಬಿಟ್ಟು ತೋಟದ ಕಾರ್ಮಿಕರ ಲೈನ್ ಮನೆಗೆ ಹೋಗುವ ಹೆಂಗಸರು ರಸ್ತೆಯ ಬದಿಯಲ್ಲಿ ಸಾಲಾಗಿ ನಡೆಯುತ್ತಾರೆ. ಮುಂಚಕ್ರ ಎತ್ತಿ, ಎಂದರೆ ವ್ಹೀಲಿ ಮಾಡುತ್ತ ಬೈಕ್ ಓಡಿಸುತ್ತಿದ್ದ ಹುಡುಗನಿಗೆ ತಿರುವಿನಲ್ಲಿ ಮುಂದಿನದು ಕಾಣಲಿಲ್ಲ. ಚಕ್ರ ಮುಖದ ಎದುರಿಗಿದ್ದರೆ ಕಾಣುವುದಾದರೂ ಹೇಗೆ? ಈಕೆಯ ಮೊಣಕಾಲಿನ ಕೆಳಗೆ ಎರಡೂ ಮೂಳೆ ಮುರಿದವು. ಆ ವರ್ಷದ ಕೊಯ್ಲಿನ ಕೂಲಿ ಹೋಯಿತು, ಮರುವರ್ಷ ಇಳಿಜಾರಿನ ತೋಟದಲ್ಲಿ ನಿಲ್ಲಲಾರಳು ಎಂದು ಮೇಸ್ತ್ರಿಯೇ ಕರೆಯಲಿಲ್ಲ. ಹುಡುಗನಿಗೆ ಹದಿನೆಂಟು ತುಂಬಿರಲಿಲ್ಲ, ಬೈಕು ಚಿಕ್ಕಪ್ಪನದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಅಪ್ರಾಪ್ತರು ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ವಾಹನದ ನೋಂದಣಿ ರದ್ದು; ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇಲ್ಲಿ ಊರ ಹಿರಿಯರು ಸೇರಿ ರಾಜಿ ಮಾಡಿಸಿದರು. ಹುಡುಗನ ಭವಿಷ್ಯ ಹಾಳಾಗಬಾರದು ಎಂದರು. ಆಕೆಯ ಭವಿಷ್ಯದ ಮಾತು ಆ ಪಂಚಾಯಿತಿಯಲ್ಲಿ ಬರಲಿಲ್ಲ.

ವಿಮೆ ಇದೆಯಲ್ಲ ಎನ್ನುವವರಿಗೂ ಒಂದು ಸುದ್ದಿ. ಅರಸೀಕೆರೆಗೆ ಹೋಗುವ ದಾರಿಯಲ್ಲಿ 2014ರಲ್ಲಿ ಕಾರು ಮಗುಚಿ ಸತ್ತ ಚಾಲಕರ ಕುಟುಂಬ ಪರಿಹಾರ ಕೇಳಿತ್ತು. ತನ್ನದೇ ಅತಿವೇಗ, ಅಜಾಗರೂಕತೆಯಿಂದ ಸತ್ತರೆ ವಾರಸುದಾರರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಎಂಬ ಹೈಕೋರ್ಟ್ ತೀರ್ಪನ್ನು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ವ್ಹೀಲಿ ಮಾಡುವವರ ತಾಯಂದಿರು ಇದನ್ನು ತಿಳಿದಿದ್ದರೆ ಒಳ್ಳೆಯದು.

‘ಕೊಡಗಿನ ವೀರ’ ಎಂದು ಬರೆದವರಿಗೆ ಉತ್ತರ ಹೇಳದೆ ಇರಲಾರೆ. ನಮ್ಮ ಮನೆಗಳಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ, ಸೇನೆಯಲ್ಲಿ ಇದ್ದವರಿಲ್ಲದ ಕುಟುಂಬ ಹುಡುಕಬೇಕು. ಧೈರ್ಯಕ್ಕೆ ಬೆಲೆ ಕೊಡಬಾರದೆಂದು ನಾನು ಹೇಳಲಾರೆ. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಬಳಿ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಹೆಸರಿನ ವೃತ್ತವಿದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಿಂದ ಮರಳದ ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ. ಅವರು ತಮಗಿಂತ ವೇಗದ ವಿಮಾನದೊಡನೆ ಸೆಣಸಿದ್ದನ್ನು ನಮ್ಮವರು ಯಾರೂ ಕಂಡಿರಲಿಲ್ಲ, ಕಡೆಗೆ ತಿಳಿದದ್ದೂ ಎದುರಾಳಿಗಳ ಕಡೆಯ ವಿವರಗಳಿಂದ. ಆ ಹೆಸರಿನ ವೃತ್ತವನ್ನು ದಿನವೂ ಸುತ್ತಿ ಹೋಗುವ ಜನ ಪಾಚಿಬಂಡೆಯ ಮೇಲೆ ಕಾಲೆತ್ತಿ ನಿಂತವನನ್ನು ವೀರ ಎನ್ನುವುದು ನನಗೆ ಸಿಟ್ಟು ತರಿಸುತ್ತದೆ. ಸಿಟ್ಟು ಆ ಹುಡುಗನ ಮೇಲಲ್ಲ. ಅವನ ವಯಸ್ಸಿಗೆ ಮೆಚ್ಚುಗೆ ಬೇಕು. ಅದನ್ನು ಎಲ್ಲಿ ನಿಂತರೆ ಕೊಡುತ್ತೇವೆ ಎಂದು ತೋರಿಸಿಕೊಟ್ಟವರು ದೊಡ್ಡವರು.

ಆದ್ದರಿಂದ ನನ್ನ ಕೋರಿಕೆ. ಅಂಥ ವಿಡಿಯೊಗಳನ್ನು ತಮ್ಮ ಪುಟದಿಂದ ತೆಗೆಯಿರಿ, ಎಚ್ಚರಿಕೆಯ ನೆಪದಲ್ಲೂ ಹಾಕಬೇಡಿ. ಜಿಲ್ಲಾಡಳಿತ ಮಳೆಗಾಲದಲ್ಲಿ ಜಲಪಾತಗಳಿಗೆ ನಿರ್ಬಂಧ ಹೇರಿದ ಸುದ್ದಿ ಬರೆಯುವಾಗ, ಬೇಸಿಗೆಯ ಗುಂಡಿಗಳ ವಿಚಾರವನ್ನೂ ಕೇಳಿ. ‘ಅಪಾಯ’ ಎಂಬ ಕೆಂಪು ಫಲಕದ ಬದಲು, ಸೇತುವೆಗಳ ಕಂಬಕ್ಕೆ ನೀರಿನ ಮಟ್ಟ ಬರೆದಿರುವಂತೆ ಹುಡುಗರು ಧುಮುಕುವ ಬಂಡೆಗಳಿಗೇ ಅಡಿಯ ಗುರುತು ಬರೆಸಲು ಗ್ರಾಮ ಪಂಚಾಯಿತಿಗೆ ಎಷ್ಟು ಬಣ್ಣ ಬೇಕು? ಎಲ್ಲಿ ಧುಮುಕುತ್ತಾರೆಂದು ಊರಿನವರಿಗೆಲ್ಲ ಗೊತ್ತಿದೆ. ಮತ್ತು, ‘ಮೈಸೂರಿಗೆ ಕರೆದೊಯ್ಯಲಾಗಿದೆ’ ಎಂದು ಬರೆದ ಪ್ರತಿಯೊಂದು ಸುದ್ದಿಯನ್ನೂ ಆರು ತಿಂಗಳ ನಂತರ ಒಮ್ಮೆ ವಿಚಾರಿಸಿ.

ಆ ಹುಡುಗನನ್ನು ಭೇಟಿಯಾಗಲು ತಮ್ಮ ವರದಿಗಾರರು ಬರುವುದಾದರೆ ನಾನೇ ಕರೆದೊಯ್ಯುತ್ತೇನೆ. ಬೆಳಿಗ್ಗೆ ಹನ್ನೊಂದರ ಮೊದಲು ಬೇಡ, ಅದು ಶುಚಿ ಮಾಡುವ ಹೊತ್ತು. ಕೊನೆಯ ಎರಡು ಕಿಲೋಮೀಟರ್ ಜೀಪು ಬೇಕು. ಫೋಟೊ ಬೇಡ ಎಂದಿದ್ದಾನೆ. ಅವನಿಗೆ ತಮ್ಮಲ್ಲಿ ಕೇಳಬೇಕಾದ ಒಂದು ವಿಷಯವೂ ಇದೆ: ಅವನು ಧುಮುಕಿದ ಕೊನೆಯ ವಿಡಿಯೊವನ್ನು ಯಾರೋ ಬೇರೆ ಹಾಡು ಸೇರಿಸಿ ಈಗಲೂ ಹಂಚುತ್ತಿದ್ದಾರೆ, ಅದನ್ನು ತೆಗೆಸುವುದು ಹೇಗೆ ಎಂದು. ನನಗೆ ಗೊತ್ತಿಲ್ಲ. ತಮ್ಮ ಕಚೇರಿಯಲ್ಲಿ ತಿಳಿದವರು ಇದ್ದರೆ ಉತ್ತರ ತೆಗೆದುಕೊಂಡೇ ಬರಲಿ.

ಇಂತಿ,
ಒಬ್ಬ ನಿವೃತ್ತ ಶುಶ್ರೂಷಕಿ
ಸೋಮವಾರಪೇಟೆ ತಾಲ್ಲೂಕು, ಕೊಡಗು